ಕಾಲ ಹಾಡಿನೊಳಗೆ ಹೇಗೆ ಬರುತ್ತದೆ?

ನಮಸ್ಕಾರ. ‘ರಾಕ್ ಆಲ್ಬಂಗಳು: ಕಾಲದ ಕನ್ನಡಿ’ ಎಂಬ ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ, ಅದಕ್ಕೇ ಈ ಪತ್ರ.

ಹತ್ತಾರು ಆಲ್ಬಂಗಳ ಹೆಸರು ಹೇಳಿದ್ದೀರಿ. ಎಲ್ಲದಕ್ಕೂ ‘ಅಂದಿನ ಯುವಜನರ ಆಕ್ರೋಶ’ ಅಂತ ಬರೆದಿದ್ದೀರಿ. ಯಾವ ಆಕ್ರೋಶ? ಯಾರ ಮೇಲೆ? ಇಂಗ್ಲೆಂಡಿನ ಕ್ಲ್ಯಾಶ್ ತಂಡದ ‘ಲಂಡನ್ ಕಾಲಿಂಗ್’ 1979ರ ಡಿಸೆಂಬರ್‌ನಲ್ಲಿ ಬಂತು. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಅವಘಡವಾಗಿತ್ತು. ಆ ಭಯ ಮೊದಲ ಹಾಡಿನಲ್ಲೇ ಇದೆ. ಥೇಮ್ಸ್ ಉಕ್ಕಿ ಊರು ಮುಳುಗುವ ಭಯವೂ ಇದೆ. ಹೀಗೆ ತೋರಿಸಿ, ಓದುಗರು ನಂಬುತ್ತಾರೆ.

ಅಮೆರಿಕದ ವಿಲ್ಕೋ ತಂಡದ ‘ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್’ ವಿಷಯದಲ್ಲಿ ಮಾತ್ರ ಪೂರ್ತಿ ಎಡವಿದ್ದೀರಿ. ನ್ಯೂಯಾರ್ಕ್ ಗೋಪುರಗಳು ಉರುಳಿದ ದುಃಖದಲ್ಲಿ ಹುಟ್ಟಿದ ಆಲ್ಬಂ ಅಂದಿದ್ದೀರಿ. ಅಂಗಡಿಗೆ ಬಂದದ್ದು 2002ರ ಏಪ್ರಿಲ್‌ನಲ್ಲಿ, ನಿಜ. ಆದರೆ ರೆಕಾರ್ಡಿಂಗ್ ಮುಗಿದದ್ದು ದಾಳಿಗೆ ಮೊದಲೇ. ಮೊದಲು ಗೊತ್ತಾಗಿದ್ದ ಬಿಡುಗಡೆಯ ದಿನವೇ 2001ರ ಸೆಪ್ಟೆಂಬರ್ 11! ರೆಕಾರ್ಡ್ ಕಂಪನಿ ಆಲ್ಬಂ ಒಪ್ಪದೆ ತಡವಾಯಿತು. ಮುಖಪುಟದ ಜೋಡಿ ಗೋಪುರಗಳು ಷಿಕಾಗೋದವು. ಅಮೆರಿಕದ ಬಾವುಟಗಳ ಬೂದಿಯ ಬಗ್ಗೆ ಇರುವ ಹಾಡೂ ಆಗಲೇ ಸಿದ್ಧವಿತ್ತು. ಕೇಳಿದವರು ತಮ್ಮ ದುಃಖ ತಂದು ಅದರಲ್ಲಿ ತುಂಬಿದರು. ಇದು ಎಷ್ಟು ದೊಡ್ಡ ವಿಷಯ ಅಲ್ವಾ? ನಿಮ್ಮ ಲೇಖನ ಇದರ ಪಕ್ಕದಲ್ಲೇ ಹಾದು ಹೋಗಿಬಿಟ್ಟಿದೆ.

ಇದನ್ನು ಬರೆಯಲು ಬೇಕಾದ್ದು ನಿಮ್ಮ ಬಳಿಯೇ ಇದೆ. ಕೊನೆಯ ಪುಟದಲ್ಲಿ ಒಂದು ಸಾಲು: ಕಾಫಿ ರೇಟು ನೆಲ ಕಚ್ಚಿದ 2001ರ ಸುಮಾರಿಗೆ ಮೂಡಿಗೆರೆಯ ನಿಮ್ಮ ಮಾವ ರಾತ್ರಿ ಹೊತ್ತು ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದಿ ಮೂನ್’ ಹಾಕಿಕೊಂಡು ಕೂರುತ್ತಿದ್ದರು ಅಂತ. ಅದು 1973ರ ಆಲ್ಬಂ. ದುಡ್ಡು, ಕೈಜಾರುವ ಕಾಲ, ತಲೆ ಕೆಡುವುದು, ಇವೇ ಅದರ ಹಾಡುಗಳು. ಇಂಗ್ಲೆಂಡಿನ ಹುಡುಗರು ಮಾಡಿದ್ದು ಮೂವತ್ತು ವರ್ಷದ ಹತ್ತಿರಕ್ಕೆ ಮಲೆನಾಡಿನ ಬೆಳೆಗಾರರೊಬ್ಬರ ಹಾಡಾಯಿತು! ಇಂಥದ್ದನ್ನು ನೀವೊಬ್ಬರೇ ಬರೆಯಬಲ್ಲಿರಿ. ಅದನ್ನು ಒಂದೇ ಸಾಲಿಗೆ ಮುಗಿಸಿದ್ದು ನನಗೆ ನಿಜಕ್ಕೂ ಬೇಜಾರಾಯಿತು.

ಮೂಡಿಗೆರೆಗೆ ಹೋಗಿ ಬನ್ನಿ. ಯಾವ ಹಾಡನ್ನು ಜಾಸ್ತಿ ಹಾಕುತ್ತಿದ್ದರು, ಆ ವರ್ಷ ಮೂಟೆಗೆ ಎಷ್ಟು ಸಿಕ್ಕಿತು, ಸಾಲ ಏನಾಯಿತು, ಎಲ್ಲ ಕೇಳಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಆಗ ಯಾವ ಹಾಡು ಕೇಳಿಸುತ್ತಿತ್ತು ಅಂತಲೂ ಕೇಳಿ. ಉಳಿದ ಆಲ್ಬಂಗಳನ್ನು ಕೈಬಿಡಿ. ಎಂಟುನೂರು ಪದ ಸಾಕು. ಮಳೆಗಾಲದ ಸಂಚಿಕೆಗೆ ಕಾಯುತ್ತೇನೆ.

ಸಂಪಾದಕ, ಚಿಕ್ಕಮಗಳೂರು