ಆರ್‌ಸಿ (ರಿಮೋಟಿನಿಂದ ಓಡಿಸುವ) ಲಾರಿಗೆ 8 ಎಲ್‌ಇಡಿ ಹಾಕಬೇಕು, ಲಿಪೋ ಬ್ಯಾಟರಿಯಿಂದ ನೇರವಾಗಿ ಕೊಟ್ಟರೆ ಎಂಟಕ್ಕೂ ಸೇರಿಸಿ ಎಷ್ಟು ಓಮ್‌ನ ಒಂದು ರೆಸಿಸ್ಟರ್ ಬೇಕು?
ರೆಸಿಸ್ಟರ್ ವಿಷಯ ಆಮೇಲೆ. ಮೊದಲು ಬ್ಯಾಟರಿಯಿಂದ ನೇರವಾಗಿ ಕೊಡುವ ಯೋಚನೆ ಬಿಟ್ಟುಬಿಡಿ. ಮುಂದೆ 4 ಬಿಳಿ, ಹಿಂದೆ 4 ಕೆಂಪು, 2ಎಸ್ (ಎರಡು ಸೆಲ್‌ನ) ಲಿಪೋ, ಬ್ಯಾಲೆನ್ಸ್ ಪ್ಲಗ್‌ನಿಂದ (ಚಾರ್ಜ್ ಮಾಡುವಾಗ ಸೆಲ್‌ಗಳನ್ನು ಸಮ ಮಾಡಲು ಬ್ಯಾಟರಿಗಿರುವ ಚಿಕ್ಕ ಪ್ಲಗ್) ಕರೆಂಟು. ನೀವು ಬರೆದಿರುವುದು ನನ್ನ ಮೊದಲ ಲಾರಿಯ ಕಥೆಯೇ.

ನನ್ನದು ಟಿಪ್ಪರ್. ಸಾಮಾನೆಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕಿತ್ತು. ಒಂದೊಂದು ದೀಪಕ್ಕೂ ಒಂದೊಂದು 330 ಓಮ್ ರೆಸಿಸ್ಟರ್, ಬೆಸುಗೆ ಮೇಲೆ ಹೀಟ್ ಶ್ರಿಂಕ್ ಟ್ಯೂಬ್. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಬ್ಯಾಲೆನ್ಸ್ ಪ್ಲಗ್ ಹೇಗೂ ಸುಮ್ನೆ ನೇತಾಡುತ್ತಿರುತ್ತದೆ ಅಲ್ವಾ, ಅದರ ಆ ತುದಿ ಈ ತುದಿಯ ತಂತಿಗೆ ದೀಪ ಕೊಟ್ಟೆ.

ಒಂದು ಮಧ್ಯಾಹ್ನ ಓಡಿಸಿ, ಇಎಸ್‌ಸಿ (ಮೋಟರಿನ ವೇಗ ನೋಡಿಕೊಳ್ಳುವ ಪೆಟ್ಟಿಗೆ) ಸ್ವಿಚ್ ಆಫ್ ಮಾಡಿ, ಲಾರಿಯನ್ನು ಡಬ್ಬದಲ್ಲಿಟ್ಟೆ. ಬಿಸಿಲಿಗೆ ದೀಪ ಉರಿಯುತ್ತಿದ್ದದ್ದು ಕಾಣಲೇ ಇಲ್ಲ. ಮಾರನೆಯ ದಿನ ತೆಗೆದರೆ ಕೆಂಪು ದೀಪಗಳು ಮಿಣಿಮಿಣಿ ಅಂತ ಇನ್ನೂ ಉರಿಯುತ್ತಿವೆ! ಬ್ಯಾಟರಿ ಪೂರಿ ಹಾಗೆ ಉಬ್ಬಿದೆ. ಮಲ್ಟಿಮೀಟರ್ ಹಿಡಿದರೆ ಎರಡೂ ಸೆಲ್ ಸೇರಿ 4 ವೋಲ್ಟ್ ಚಿಲ್ಲರೆ.

ಇದು ಯಾಕಾಯ್ತು ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಲಿಪೋ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಇಳಿಯದ ಹಾಗೆ ಕಾಯುವುದು ಇಎಸ್‌ಸಿ. ವೋಲ್ಟೇಜ್ ಕಡಿಮೆಯಾದರೆ ಅದು ಮೋಟರ್ ನಿಲ್ಲಿಸುತ್ತದೆ. ಆದರೆ ನೀವು ಬ್ಯಾಲೆನ್ಸ್ ಪ್ಲಗ್‌ನಿಂದ ಎಳೆದ ಕರೆಂಟು ಇಎಸ್‌ಸಿ ಮೂಲಕ ಹೋಗುವುದೇ ಇಲ್ಲ. ಅದರ ಸ್ವಿಚ್ಚಿಗೂ ಈ ದೀಪಕ್ಕೂ ಸಂಬಂಧವೇ ಇಲ್ಲ. ದೀಪಕ್ಕೆ ತಲಾ 15 ಮಿಲಿಆಂಪ್ ಅಂದರೂ ಎಂಟಕ್ಕೆ 120. ಓಡಿಸಿದ ಮೇಲೆ 2200ರ ಬ್ಯಾಟರಿಯಲ್ಲಿ 500 ಮಿಲಿಆಂಪ್-ಅವರ್ ಉಳಿದಿದೆ ಅನ್ನಿ, ಸುಮಾರು ನಾಲ್ಕು ಗಂಟೆಯೊಳಗೆ ಖಾಲಿ. ಬ್ಯಾಟರಿ ಸಾಯುತ್ತಿದ್ದರೆ ದೀಪ ಆರಿಹೋಗಿ ಗೊತ್ತಾಗುತ್ತದೆ ಅಂತ ನಂಬಬೇಡಿ. ಕೆಂಪು ಎಲ್‌ಇಡಿಗೆ ಬೇಕಿರುವುದು ಬರೀ 2 ವೋಲ್ಟ್. ಬ್ಯಾಟರಿ ಹಾಳಾಗಿ ಎಷ್ಟೋ ಹೊತ್ತಾದ ಮೇಲೂ ಅದು ಉರಿಯುತ್ತಲೇ ಇರುತ್ತದೆ.

ಚಾರ್ಜರ್ ಆ ಬ್ಯಾಟರಿಯನ್ನು ಒಪ್ಪಲಿಲ್ಲ, ಬೀಪ್ ಅಂತ ಕೂಗಿ ಸುಮ್ಮನಾಯಿತು. ಇಂಥದ್ದನ್ನು ಚಾರ್ಜರಿನ ನಿಕಲ್ ಮೋಡ್‌ನಲ್ಲಿ (ನಿಕಲ್ ಬ್ಯಾಟರಿಗಳಿಗಿರುವುದು) ಚಾರ್ಜ್ ಮಾಡಿ ಎಬ್ಬಿಸಿ ಅಂತ ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಉಬ್ಬಿದ ಲಿಪೋಗೆ ಬೆಂಕಿ ಹತ್ತಬಹುದು.

ನೀವು ರಿಸೀವರ್‌ನ (ರಿಮೋಟಿನ ಸಿಗ್ನಲ್ ಹಿಡಿಯುವ ಪೆಟ್ಟಿಗೆ) ಖಾಲಿ ಚಾನೆಲ್‌ನಿಂದ ಕರೆಂಟು ತಗೊಳ್ಳಿ. ಹಳೇ ಸರ್ವೋ (ಚಕ್ರ ತಿರುಗಿಸುವ ಪುಟ್ಟ ಮೋಟರ್) ವೈರ್ ಸಾಕು: ನಡುವಿನ ಕೆಂಪು ಪ್ಲಸ್, ಕಪ್ಪು ಅಥವಾ ಕಂದು ಮೈನಸ್, ಮೂರನೆಯದು ಸಿಗ್ನಲ್, ಅದನ್ನು ಕತ್ತರಿಸಿ ಟೇಪ್ ಸುತ್ತಿ. ರಿಸೀವರ್‌ಗೆ ಕರೆಂಟು ಇಎಸ್‌ಸಿಯಿಂದಲೇ ಬರುವುದರಿಂದ ಇಎಸ್‌ಸಿ ಆಫ್ ಆದರೆ ದೀಪವೂ ಆಫ್. ಹಾಗಂತ ಬ್ಯಾಟರಿ ಬಿಚ್ಚಿಡುವುದನ್ನು ಮರೆಯಬೇಡಿ.

ಇನ್ನು ಎಂಟಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಅನ್ನುವ ನಿಮ್ಮ ಯೋಚನೆ. ಅದು ಆಗದ ಮಾತು. ಬಿಳಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2. ಒಟ್ಟಿಗೆ ಕಟ್ಟಿದರೆ ಕೆಂಪೇ ಎಲ್ಲ ಕರೆಂಟು ಎಳೆದುಕೊಂಡು ಸುಟ್ಟುಹೋಗಬಹುದು, ಬಿಳಿ ಹತ್ತುವುದೇ ಇಲ್ಲ. ಒಂದೊಂದಕ್ಕೂ ಬೇರೆ ಬೇರೆ ಹಾಕಿ. 20 ಮಿಲಿಆಂಪ್ ಕೊಡುವ ಅಗತ್ಯವೂ ಇಲ್ಲ, ಅದರ ಅರ್ಧಕ್ಕೇ ಕಣ್ಣು ಕುಕ್ಕುತ್ತದೆ.

ಕ್ಯಾಬಿನ್‌ಗೂ ಛಾಸಿಗೂ ನಡುವೆ ಒಂದು ಪ್ಲಗ್ ಬಿಡಿ, ಇಲ್ಲದಿದ್ದರೆ ಕ್ಯಾಬಿನ್ ಎತ್ತಿದ ಮೊದಲ ಸಲವೇ ವೈರ್ ಕಿತ್ತು ಬರುತ್ತದೆ. ಮಿನುಗುವ ಇಂಡಿಕೇಟರ್ ಬೋರ್ಡೆಲ್ಲ ಈಗಲೇ ಬೇಡ.

ಬಿಇಸಿ (ಇಎಸ್‌ಸಿಯೊಳಗೆ ರಿಸೀವರ್‌ಗೆ ಕರೆಂಟು ಕೊಡುವ ಭಾಗ) ಎಷ್ಟು ವೋಲ್ಟ್ ಅಂತ ಇಎಸ್‌ಸಿ ಮೇಲೆಯೇ ಬರೆದಿರುತ್ತದೆ. 6 ಇದ್ದರೆ ಬಿಳಿಗೆ 330 ಓಮ್, ಕೆಂಪಿಗೆ 470. 5 ಇದ್ದರೆ ಬಿಳಿಗೆ 220, ಕೆಂಪಿಗೆ 330.