ಮೈಕ್ ಕಡಿಮೆ ಮಾಡಿ ಅಂದರೆ ಭಕ್ತಿಗೆ ಅಡ್ಡಿಯೇ? ಮೈಕ್ ಸೆಟ್‌ನವನ ಉತ್ತರ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನಿಮ್ಮ ಬೀದಿಯಲ್ಲಿ ಪ್ರತಿವರ್ಷ ಗಣೇಶನನ್ನು ಕೂರಿಸುತ್ತೀರಿ. ಪೆಂಡಾಲ್ ಎದುರಿನ ಮನೆಗೆ ಹೊಸಬರು ಬಂದಿದ್ದಾರೆ, ಅವರ ತಾಯಿ ಹಾಸಿಗೆ ಹಿಡಿದಿದ್ದಾರೆ. ಈ ಸಲ ಮೈಕ್ ಕಡಿಮೆ ಮಾಡಿ, ಇಲ್ಲವಾದರೆ ದೂರು ಕೊಡುತ್ತೇವೆ ಎಂದು ಮೊದಲೇ ಹೇಳಿದ್ದಾರೆ. ಸಮಿತಿಯ ಹುಡುಗರು ಸಿಟ್ಟಾಗಿದ್ದಾರೆ. ವರ್ಷಕ್ಕೊಂದು ಹಬ್ಬ, ಅಷ್ಟೂ ತಡೆದುಕೊಳ್ಳೋಕಾಗಲ್ವಾ, ಇದು ಭಕ್ತಿಗೇ ಅಡ್ಡಿ ಅಲ್ವಾ ಎಂದು ನೀವು ಕೇಳಿದ್ದೀರಿ.

ನಾನು ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಗಣೇಶೋತ್ಸವ, ರಾಮನವಮಿ, ಉರುಸ್, ಚರ್ಚಿನ ಹಬ್ಬ, ರಾಜ್ಯೋತ್ಸವ, ಎಲ್ಲಕ್ಕೂ ಹೋಗುವುದು ಅದೇ ಸ್ಪೀಕರ್ ಬಾಕ್ಸು, ಸದ್ದು ಹೆಚ್ಚಿಸುವ ಅದೇ ಆಂಪ್. ಸದ್ದು ಜಾಸ್ತಿಯಾದಷ್ಟೂ ನನಗೆ ವ್ಯಾಪಾರ ಜಾಸ್ತಿ. ಹಾಗಾಗಿ ನಾನು ಎದುರು ಮನೆಯವರ ಪರ ವಕಾಲತ್ತು ಮಾಡುತ್ತೇನೆ ಎಂದುಕೊಳ್ಳಬೇಡಿ. ಇಷ್ಟು ವರ್ಷ ಆಂಪಿನ ಹಿಂದೆ ಕೂತು ನೋಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ವಿಷಯ ಕೇಳುತ್ತೇನೆ. ನಿಮ್ಮ ಪೆಂಡಾಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೈಕ್ ಎಷ್ಟು ಹೊತ್ತು ಹಾಡುತ್ತದೆ? ಅದರಲ್ಲಿ ಪೂಜೆ ಎಷ್ಟು ಹೊತ್ತು? ಬೆಳಗ್ಗೆ ಅರ್ಚನೆ, ಸಂಜೆ ಮಹಾಮಂಗಳಾರತಿ, ಆಮೇಲೆ ಭಜನೆ ಅಥವಾ ಆರ್ಕೆಸ್ಟ್ರಾ. ಎಲ್ಲ ಕೂಡಿಸಿದರೂ ಮೂರ್ನಾಲ್ಕು ಗಂಟೆ ದಾಟುವುದು ಕಷ್ಟ. ಉಳಿದ ಹೊತ್ತೆಲ್ಲ ಪೆನ್‌ಡ್ರೈವ್ ಹಾಡುತ್ತಿರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಯಾವ ಪೆಂಡಾಲಿಗೆ ಬೇಕಾದರೂ ಹೋಗಿ ನೋಡಿ. ಕುರ್ಚಿಗಳೆಲ್ಲ ಖಾಲಿ. ಒಬ್ಬ ಹುಡುಗ ಆಂಪಿನ ಪಕ್ಕ ಟಾರ್ಪಾಲಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿರುತ್ತಾನೆ. ಬಾಕ್ಸು ಮಾತ್ರ ರಸ್ತೆಯಾಚೆಯ ಮನೆಯ ಕಿಟಕಿಗೆ ಮುಖ ಮಾಡಿ ಅದೇ ಹತ್ತು ಹಾಡನ್ನು ತಿರುಗಿಸಿ ತಿರುಗಿಸಿ ಹಾಡುತ್ತಿರುತ್ತದೆ.

ಅಂಥದ್ದೇ ಒಂದು ಮಧ್ಯಾಹ್ನ ಮಹಡಿ ಮನೆಯ ಅಜ್ಜಿಯೊಬ್ಬರು ಕೈಯಲ್ಲಿ ಕೋಲು ಹಿಡಿದು ಮೆಟ್ಟಿಲಿಳಿದು ಬಂದರು. ಬೈಯುತ್ತಾರೆ ಅಂದುಕೊಂಡೆ. ಖಾಲಿ ಕುರ್ಚಿಗಳನ್ನೊಮ್ಮೆ ನೋಡಿ, 'ಪೂಜೆ ಹೊತ್ತಿಗೆ ಎಷ್ಟು ಬೇಕಾದ್ರೂ ಹಾಕಪ್ಪ, ನಾನೂ ಬಂದು ಕೂರ್ತೀನಿ. ಈಗ ಯಾರಿಗೆ ಇದು?' ಎಂದರು. ನಾನು ಹುಡುಗನನ್ನು ಎಬ್ಬಿಸಿ ಆಫ್ ಮಾಡಿಸಿದೆ. ಸಮಿತಿಯವರು ಯಾರೂ ಸಂಜೆಯವರೆಗೆ ಬಂದು ಯಾಕೆ ಆಫ್ ಮಾಡಿದಿರಿ ಅಂತ ಕೇಳಲಿಲ್ಲ. ಯಾರಿಗೂ ಗೊತ್ತೇ ಆಗಿರಲಿಲ್ಲ.

ನನ್ನ ಅನುಭವದಲ್ಲಿ ಜಗಳ ಬಂದಿರುವುದು ಹೆಚ್ಚಾಗಿ ಪೂಜೆ ಇಲ್ಲದ ಹೊತ್ತಿನ ಸದ್ದಿಗೆ. ಮಂಗಳಾರತಿ ಹೊತ್ತಿಗೆ ಜಾಗಟೆ, ತಮಟೆ ಎಷ್ಟು ಜೋರಾಗಿ ಬಡಿದರೂ ಹತ್ತು ನಿಮಿಷ ಜನ ಸಹಿಸಿಕೊಳ್ಳುತ್ತಾರೆ. ಅದು ಮುಗಿಯುತ್ತದೆ ಎಂದು ಅವರಿಗೆ ಗೊತ್ತು. ಯಾವಾಗ ಮುಗಿಯುತ್ತದೋ ಗೊತ್ತಿಲ್ಲದ ಸದ್ದು ತಲೆ ಕೆಡಿಸುತ್ತದೆ. ಹಾಗಾಗಿ ನಿಮ್ಮ ಸಮಿತಿ ಮೊದಲು ಮಾಡಬೇಕಾದ ಕೆಲಸ ಪೂಜೆ ಇಲ್ಲದಾಗ ಮೈಕ್ ಆಫ್ ಮಾಡುವುದು. ಭಕ್ತಿಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ. ದೇಣಿಗೆ ಕೊಟ್ಟವರ ಹೆಸರನ್ನು ಗಂಟೆಗೊಮ್ಮೆ ಕೂಗುವುದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅದನ್ನು ಒಂದು ಬೋರ್ಡಿನಲ್ಲಿ ಬರೆದು ನಿಲ್ಲಿಸಿದರೆ ಕೊಟ್ಟವರು ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಇನ್ನೂ ಖುಷಿ ಪಡುತ್ತಾರೆ.

ಇನ್ನು ಕಾನೂನು. ದೂರು ಕೊಡುತ್ತೇವೆ ಎಂದರೆ ಹುಡುಗರಿಗೆ ಸಿಟ್ಟು ಬರುವುದು ಸಹಜ. ಆದರೆ ನಿಯಮ ಏನು ಹೇಳುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಸಿಟ್ಟು ಅರ್ಧ ಇಳಿಯುತ್ತದೆ. ಶಬ್ದಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ಅದರ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತೆಯೇ ಇಲ್ಲ. ಹಬ್ಬಗಳಿಗೆ ಒಂದು ವಿನಾಯಿತಿ ಇದೆ. ರಾಜ್ಯ ಸರ್ಕಾರ ಮೊದಲೇ ಗೊತ್ತುಮಾಡಿದ ದಿನಗಳಲ್ಲಿ ರಾತ್ರಿ 10ರಿಂದ 12ರವರೆಗೆ ಬಿಡಬಹುದು. ಅದೂ ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ಈ ವಿನಾಯಿತಿಯನ್ನೂ ಪ್ರಶ್ನಿಸಿ ಕೆಲವರು ಕೋರ್ಟಿಗೆ ಹೋಗಿದ್ದರು. 2005ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದರೆ ಕಾನೂನು ಹಬ್ಬದ ವಿರೋಧಿ ಅಲ್ಲ. ಅದಕ್ಕೂ ಜಾಗ ಇಟ್ಟಿದೆ, ಅಳತೆ ಇಟ್ಟಿದೆ.

ಅಳತೆ ವಿಷಯದಲ್ಲೇ ಎಲ್ಲರೂ ಎಡವುವುದು. ಸದ್ದನ್ನು ಅಳೆಯುವುದು ಡೆಸಿಬಲ್ ಲೆಕ್ಕದಲ್ಲಿ. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಎಂಬ ಮಿತಿ ಇದೆ. ಸಾರ್ವಜನಿಕ ಜಾಗದಲ್ಲಿ ಮೈಕ್ ಹಾಕಿದರೆ, ಆ ಜಾಗದ ಅಂಚಿನಲ್ಲಿ ಈ ಮಿತಿಗಿಂತ 10 ಡೆಸಿಬಲ್ ಜಾಸ್ತಿ ಇರಬಹುದು, ಆದರೆ 75 ದಾಟಬಾರದು. ಮನೆಗಳ ಬೀದಿಗೆ ಲೆಕ್ಕ ಹಾಕಿದರೆ ಹಗಲು 65 ಆಯಿತು. ಇಬ್ಬರು ಎದುರುಬದುರು ಕೂತು ಮಾತಾಡಿದರೆ ಸುಮಾರು 60 ಆಗುತ್ತದೆ. ಈಗ ನಿಮ್ಮ ಪೆಂಡಾಲನ್ನು ನೆನಪಿಸಿಕೊಳ್ಳಿ.

ಇಲ್ಲಿ ನಮ್ಮ ಕಸುಬಿನ ಒಂದು ಸಂಗತಿ ಹೇಳಲೇಬೇಕು. ಪಕ್ಕದ ಮನೆಯವರು ಬಂದು ಕೇಳಿದಾಗ ಹುಡುಗರು ಸ್ವಲ್ಪ ಇಳಿಸುತ್ತಾರೆ, 'ಕಡಿಮೆ ಮಾಡಿದೀವಲ್ಲ ಸಾರ್' ಎನ್ನುತ್ತಾರೆ. ಅವರು 'ಎಲ್ಲಿ ಮಾಡಿದ್ದೀರಿ?' ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆಂಪಿನ ಪವರನ್ನು ಅರ್ಧಕ್ಕೆ ಇಳಿಸಿದರೂ ಸದ್ದು ಇಳಿಯುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಸದ್ದು ಅರ್ಧ ಆಯಿತು ಅಂತ ಕಿವಿಗೆ ಅನ್ನಿಸಬೇಕಾದರೆ ಹೆಚ್ಚುಕಡಿಮೆ 10 ಡೆಸಿಬಲ್ ಇಳಿಯಬೇಕು, ಅಂದರೆ ಪವರ್ ಹತ್ತನೇ ಒಂದು ಭಾಗಕ್ಕೆ ಬರಬೇಕು. ಗುಂಡಿ ಒಂಚೂರು ತಿರುಗಿಸಿದರೆ ಎದುರು ಮನೆಯವರಿಗೆ ಏನೂ ತಿಳಿಯುವುದಿಲ್ಲ. ಹುಡುಗರಿಗೆ ಮಾತ್ರ ತಾವು ಬಗ್ಗಿದೆವು, ಅವರು ಬಗ್ಗಲಿಲ್ಲ ಎಂಬ ಮುನಿಸು ಉಳಿಯುತ್ತದೆ.

ಗುಂಡಿಗಿಂತ ಬಾಕ್ಸ್ ಇಡುವ ಜಾಗ ಮುಖ್ಯ. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ 90 ಇದ್ದರೆ ನಾಲ್ಕು ಮೀಟರಿಗೆ 84, ಎಂಟಕ್ಕೆ 78, ಹದಿನಾರಕ್ಕೆ 72. 65ರ ಹತ್ತಿರ ಬರಲು ಮೂವತ್ತು ಮೀಟರ್ ಬೇಕು. ನಿಮ್ಮ ಬೀದಿ ಅಷ್ಟು ಅಗಲ ಇರಲಿಕ್ಕಿಲ್ಲ. ಎರಡೂ ಕಡೆ ಗೋಡೆ ಇದ್ದರೆ ಸದ್ದು ಬಡಿದು ಬಡಿದು ವಾಪಸ್ ಬರುತ್ತದೆ, ಇಳಿಯುವುದು ಇನ್ನೂ ಕಡಿಮೆ. ಆದ್ದರಿಂದ ಬೀದಿಯ ಒಂದು ತುದಿಯಲ್ಲಿ ದೊಡ್ಡ ಬಾಕ್ಸ್ ನಿಲ್ಲಿಸಿ ಇನ್ನೊಂದು ತುದಿಗೆ ಕೇಳಿಸಲು ಹೋಗಬೇಡಿ. ಹತ್ತಿರದವರ ಕಿವಿ ಹರಿಯುತ್ತದೆ, ದೂರದವರಿಗೆ ಮಾತು ತಿಳಿಯುವುದಿಲ್ಲ. ಚಿಕ್ಕ ಬಾಕ್ಸುಗಳನ್ನು ಕೂತ ಜನರ ಹತ್ತಿರವೇ ಇಡಿ. ಎತ್ತರದಲ್ಲಿ ಕಟ್ಟಿ ಮುಖವನ್ನು ಕೆಳಗೆ, ಕುರ್ಚಿಗಳ ಕಡೆಗೆ ಬಾಗಿಸಿ. ಕಹಳೆಯಂಥ ಹಾರನ್ ಸ್ಪೀಕರ್ ಅಂತೂ ಬೇಡವೇ ಬೇಡ. ಅದು ಇರುವುದೇ ದೂರಕ್ಕೆ ಎಸೆಯಲು. ಕಂಬಕ್ಕೆ ಕಟ್ಟಿದರೆ ಮೂರನೇ ಬೀದಿಯವರಿಗೂ ನಿಮ್ಮ ಗಣೇಶನೇ.

ಬೇಸ್, ಅಂದರೆ ಧಡ್ ಧಡ್ ಅನ್ನುವ ತಗ್ಗು ದನಿಯ ಸದ್ದು, ಅದರ ಬಗ್ಗೆ ಬೇರೆಯಾಗಿ ಹೇಳಬೇಕು. ಹಾಡುವವರ ದನಿಯನ್ನು ಕಿಟಕಿ ಮುಚ್ಚಿದರೆ ತಕ್ಕಮಟ್ಟಿಗೆ ತಡೆಯಬಹುದು. ಬೇಸ್ ಗೋಡೆ ದಾಟಿ ಒಳಗೆ ಬರುತ್ತದೆ. ಕಿಟಕಿ ಗಾಜು ಗುಡುಗುಡು ಅನ್ನುತ್ತದೆ, ಮಲಗಿದವರ ಎದೆಗೆ ಬಡಿಯುತ್ತದೆ. ತಮಾಷೆ ಅಂದರೆ ಡೆಸಿಬಲ್ ಮೀಟರ್ ಸಾಮಾನ್ಯವಾಗಿ ಬೇಸನ್ನು ಕಡಿಮೆಯಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮನುಷ್ಯನ ಕಿವಿಗೆ ಸರಿಹೊಂದುವಂತೆ ಅದನ್ನು ಹಾಗೆ ಮಾಡಿರುತ್ತಾರೆ. ಮೀಟರಿನಲ್ಲಿ ನೀವು ಮಿತಿಯೊಳಗೇ ಇರಬಹುದು, ಎದುರು ಮನೆಯ ತಾಯಿಗೆ ಮಾತ್ರ ನಿದ್ದೆ ಇಲ್ಲ. ಮೊಬೈಲ್ ಆ್ಯಪ್ ತೋರಿಸಿ 'ನೋಡಿ, ನಿಯಮದ ಒಳಗೇ ಇದ್ದೀವಿ' ಎಂದು ವಾದ ಮಾಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಶ್ಲೋಕಕ್ಕೆ, ಭಜನೆಗೆ, ಮಂತ್ರಕ್ಕೆ ದೊಡ್ಡ ಬೇಸ್ ಬಾಕ್ಸ್ ಬೇಕಿಲ್ಲ. ಅದು ಬೇಕಾಗುವುದು ಕುಣಿಯಲು. ಕುಣಿಯುವುದು ತಪ್ಪೇನಲ್ಲ. ಆದರೆ ಅದನ್ನು ಭಕ್ತಿಯ ಲೆಕ್ಕಕ್ಕೆ ಬರೆಯಬೇಡಿ.

'ಬೇರೆಯವರು ಬೆಳಗ್ಗೆ ಬೆಳಗ್ಗೆ ಮೈಕ್ ಹಾಕಲ್ವಾ, ಅವರನ್ನು ಯಾರೂ ಕೇಳಲ್ಲ' ಎಂಬ ಮಾತನ್ನೂ ನಿಮ್ಮ ಹುಡುಗರು ಆಡಿದ್ದಾರೆ ಎಂದು ಬರೆದಿದ್ದೀರಿ. ನಾನು ಹೋದ ಕಡೆಯಲ್ಲೆಲ್ಲ ಈ ಮಾತು ಕೇಳಿದ್ದೇನೆ. ಹೆಸರು ಮಾತ್ರ ಬದಲಾಗುತ್ತದೆ. ಬೆಳಗ್ಗೆ 6ಕ್ಕೆ ಮುಂಚೆ ಎಂದರೆ ನಿಯಮದ ಕಣ್ಣಲ್ಲಿ ರಾತ್ರಿಯೇ. ಸುಪ್ರಭಾತಕ್ಕೂ ಆಜಾನ್‌ಗೂ ಗಡಿಯಾರ ಒಂದೇ. 2000ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಚೆನ್ನೈನ ಒಂದು ಚರ್ಚಿನದ್ದು. ಅಲ್ಲಿ ಡ್ರಮ್, ಗಿಟಾರ್, ಮೈಕ್ ಇಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಬಡಾವಣೆಯ ಸಂಘದವರು ಕೋರ್ಟಿಗೆ ಹೋದರು. ರಸ್ತೆಯಲ್ಲಿ ವಾಹನಗಳ ಸದ್ದೂ ಇದೆ, ನಮ್ಮದೊಂದೇ ಅಲ್ಲ ಎಂಬ ವಾದವೂ ಬಂತು. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಎಂದು, ಮೈಕಿನಲ್ಲೇ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕೂಡ ಧ್ವನಿವರ್ಧಕ ಯಾವ ಧರ್ಮದ ಅಗತ್ಯ ಭಾಗವೂ ಅಲ್ಲ ಎಂದಿತು. ಯೋಚಿಸಿ ನೋಡಿ. ತಿಲಕರು ಗಣೇಶೋತ್ಸವವನ್ನು ಬೀದಿಗೆ ತಂದದ್ದು 1893ರಲ್ಲಿ. ಆಗ ಬಾಕ್ಸ್ ಎಲ್ಲಿತ್ತು? ಈಗಿನ ಮಾದರಿಯ ಸ್ಪೀಕರ್ ಬಂದದ್ದೇ 1920ರ ದಶಕದಲ್ಲಿ. ನನ್ನಂಥವರ ಹೊಟ್ಟೆಪಾಡು ಅಲ್ಲಿಂದ ಶುರು.

ಹಾಗಂತ ಎದುರು ಮನೆಯವರು ಹೇಳಿದ್ದೇ ಕೊನೆಯ ಮಾತು ಎಂದೂ ನಾನು ಹೇಳುವುದಿಲ್ಲ. ಅನುಮತಿ ಪಡೆದು, ಹಗಲಿನಲ್ಲಿ, ಮಿತಿಯೊಳಗೆ ನಡೆಯುವ ಪೂಜೆಯನ್ನು ನಿಲ್ಲಿಸಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಜಾಗಟೆ ಸದ್ದೇ ಕೇಳಬಾರದು ಎನ್ನುವವರನ್ನೂ ನೋಡಿದ್ದೇನೆ, ಅವರಿಗೆ ನಾನು ಮರ್ಯಾದೆಯಿಂದಲೇ ಆಗುವುದಿಲ್ಲ ಎಂದಿದ್ದೇನೆ. ಆದರೆ ನಿಮ್ಮ ಎದುರು ಮನೆಯವರು ಹಾಗೆ ಕೇಳಿಲ್ಲ. ಕಡಿಮೆ ಮಾಡಿ ಎಂದಿದ್ದಾರೆ, ಅದೂ ಹಬ್ಬಕ್ಕೆ ಮುಂಚೆಯೇ ಬಂದು. ರಾತ್ರಿ ಹನ್ನೊಂದಕ್ಕೆ ಗೇಟಿನ ಹತ್ತಿರ ನಿಂತು ಕೂಗಾಡುವವರಿಗಿಂತ ಇವರು ಎಷ್ಟೋ ವಾಸಿ.

ಅವರ ಮನೆಗೆ ಹೋಗಿ ಮಾತಾಡಿ. ಹುಡುಗರ ದಂಡು ಕಟ್ಟಿಕೊಂಡು ಬೇಡ, ಸಮಿತಿಯ ಒಬ್ಬ ಹಿರಿಯರು, ಜೊತೆಗೆ ನೀವು, ಸಾಕು. ಕೈಯಲ್ಲಿ ದೇಣಿಗೆಯ ರಸೀದಿ ಪುಸ್ತಕ ಇರಬಾರದು. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಆ ಪುಸ್ತಕ ಕಂಡ ಕೂಡಲೇ ಮಾತಿನ ರುಚಿ ಕೆಡುತ್ತದೆ. ತಾಯಿ ಯಾವ ಕೋಣೆಯಲ್ಲಿ ಮಲಗುತ್ತಾರೆ, ಮಧ್ಯಾಹ್ನ ಎಷ್ಟು ಹೊತ್ತಿಗೆ ನಿದ್ದೆ ಮಾಡುತ್ತಾರೆ ಎಂದು ಕೇಳಿ. ಆ ಕೋಣೆಯ ಕಡೆ ಬಾಕ್ಸ್ ಮುಖ ಮಾಡುವುದಿಲ್ಲ ಎಂದು ಹೇಳಿ, ಹಾಗೆಯೇ ಮಾಡಿ. ಯಾವ ದಿನ ಎಷ್ಟು ಗಂಟೆಗೆ ಮೈಕ್ ಶುರು, ಎಷ್ಟು ಗಂಟೆಗೆ ಬಂದ್ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಅದೇ ಹಾಳೆಯನ್ನು ಬೀದಿಯ ಎಲ್ಲ ಮನೆಗೂ ಹಂಚಿದರೆ ಇವರೊಬ್ಬರೇ ದೂರು ಹೇಳುವವರು ಎಂಬ ಹೆಸರೂ ಬರುವುದಿಲ್ಲ. ಕೊನೆಗೆ ಒಂದು ಫೋನ್ ನಂಬರ್ ಕೊಡಿ. ಅಧ್ಯಕ್ಷರದ್ದಲ್ಲ, ಅವರು ಹಬ್ಬದ ದಿನ ಫೋನ್ ಎತ್ತುವುದಿಲ್ಲ. ಆಂಪಿನ ಹತ್ತಿರ ಕೂರುವವನ ನಂಬರ್ ಕೊಡಿ. ಅವರಿಗೆ ಫೋನ್ ಮಾಡಲು ನಿಮ್ಮವರೊಬ್ಬರು ಇದ್ದರೆ 112ಕ್ಕೆ ಯಾಕೆ ಮಾಡುತ್ತಾರೆ?

ಮೆರವಣಿಗೆ ದಿನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆಸ್ಪತ್ರೆ ಮುಂದೆ ಹೋಗುವಾಗ ಮೈಕೂ ಬೇಡ, ತಮಟೆಯೂ ಬೇಡ. ರಾತ್ರಿ 10ರ ಮೇಲೆ ಪಟಾಕಿ ಹೊಡೆಯುವಂತಿಲ್ಲ. ಪೆಂಡಾಲ್ ಹಾಕುವಾಗ ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಡಿ. ಎದುರು ಮನೆಯಲ್ಲೇ ಕಾಯಿಲೆಯವರಿದ್ದಾರಲ್ಲ.

ಈ ಸಲ ಮೈಕ್ ಸೆಟ್‌ನವರಿಗೆ ಆರ್ಡರ್ ಕೊಡುವಾಗ ಎಷ್ಟು ಬಾಕ್ಸ್ ತರುತ್ತೀರಿ ಎಂದಷ್ಟೇ ಕೇಳಬೇಡಿ. ಸಂಜೆ ಒಮ್ಮೆ ಬೀದಿಗೆ ಕರೆಸಿ, ಎಲ್ಲೆಲ್ಲಿ ಇಡುತ್ತೀರಿ ಎಂದು ತೋರಿಸಲು ಹೇಳಿ. ಬೇಸ್ ಬಾಕ್ಸ್ ಬೇಡ ಎಂದು ಮುಂಗಡ ಕೊಡುವಾಗಲೇ ಹೇಳಿಬಿಡಿ. ಹೇಳದಿದ್ದರೆ ನಾವು ತಂದೇ ತರುತ್ತೇವೆ, ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು ಇರುತ್ತದೆ.