ಪಂಚ್‌ನ ಮೂಲೆ ಯಾಕೆ ಹಾರಿತು?

ಪ್ರಶ್ನೆ: ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಶಾಪ್ ಇದೆ ಸರ್. 3 ಮಿ.ಮೀ. ಎಂಎಸ್ (ಸಾದಾ ಮೆತ್ತನೆಯ ಉಕ್ಕಿನ) ಶೀಟಿನಲ್ಲಿ ಚೌಕ ವಾಷರ್ ಹೊಡೆಯುತ್ತೇವೆ. ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಟೂಲ್ ಸ್ಟೀಲ್) ಪಂಚ್, ಅಂದರೆ ಶೀಟ್ ಕತ್ತರಿಸುವ ಉಳಿ, ಬೇಗ ಮೊಂಡಾಗುತ್ತದೆ ಎಂದು ಈ ಸಲ ಡಿ2 ಎಂಬ ಕ್ರೋಮಿಯಂ ಟೂಲ್ ಸ್ಟೀಲ್ ತಂದೆವು. ಸಂಜೆ ಹಾರ್ಡನಿಂಗ್ (ಕಾಯಿಸಿ ಆರಿಸಿ ಗಟ್ಟಿ ಮಾಡುವುದು) ಆಯಿತು, ಅಷ್ಟರಲ್ಲಿ ಕರೆಂಟ್ ಹೋಯಿತು, ಟೆಂಪರಿಂಗ್ (ಮತ್ತೆ ಹದವಾಗಿ ಕಾಯಿಸಿ ಪೆಡಸು ತೆಗೆಯುವುದು) ಮರುದಿನ ಒಂದೇ ಸಲ ಮಾಡಿದರು. ಗಡಸುತನ 62 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ) ಬಂದಿತ್ತು. ಎರಡೇ ದಿನಕ್ಕೆ ಮೂಲೆ ಹಾರಿತು. ಮಾಲು ಡೂಪ್ಲಿಕೇಟಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಾಲಿನ ಮೇಲೆ ಸಂಶಯವಿದ್ದರೆ ತುಂಡೊಂದನ್ನು ಸ್ಪೆಕ್ಟ್ರೋ ಟೆಸ್ಟ್‌ಗೆ, ಅಂದರೆ ಯಾವ ಲೋಹ ಎಷ್ಟಿದೆ ಎಂದು ತೋರಿಸುವ ಪರೀಕ್ಷೆಗೆ ಕೊಡಿ. ಇಂಗಾಲ ಸುಮಾರು ಶೇ. 1.5, ಕ್ರೋಮಿಯಂ ಸುಮಾರು ಶೇ. 12, ಜೊತೆಗೆ ಸ್ವಲ್ಪ ಮಾಲಿಬ್ಡಿನಂ, ವೆನೇಡಿಯಂ ಬಂದರೆ ಅದು ಡಿ2ನೇ. ಆದರೆ ನಿಮ್ಮ ಕಥೆ ಓದಿದರೆ ನನಗೆ ಅನುಮಾನ ಬರುವುದು ಆ ರಾತ್ರಿಯ ಮೇಲೆ.

ಹಾರ್ಡನಿಂಗ್ ಆಗಿ ಟೆಂಪರ್ ಆಗದ ಡಿ2 ಅಂದರೆ ಗಾಜು ಇದ್ದ ಹಾಗೆ. ಒಳಗೆ ಎಳೆದಾಟ ತುಂಬಿರುತ್ತದೆ, ಟೇಬಲ್ ಮೇಲೆ ಸುಮ್ನೆ ಇಟ್ಟರೂ ಬಿರುಕು ಬಿಡಬಹುದು, ಅದರಲ್ಲೂ ಚೂಪಾದ ಒಳಮೂಲೆ ಇದ್ದರೆ. 50–60 ಡಿಗ್ರಿಗೆ, ಅಂದರೆ ಕೈಗೆ ಬಿಸಿ ತಾಗುವಷ್ಟಕ್ಕೆ ಇಳಿದ ಕೂಡಲೇ ಟೆಂಪರಿಂಗ್ ಕುಲುಮೆಗೆ ಹೋಗಬೇಕು. ಕರೆಂಟ್ ನಂಬುವ ಹಾಗಿಲ್ಲದಿದ್ದರೆ ಹಾರ್ಡನಿಂಗ್ ಬೆಳಿಗ್ಗೆಯೇ ಶುರು ಮಾಡಲು ಹೇಳಿ, ಇದಕ್ಕೆ ಖರ್ಚೇನೂ ಇಲ್ಲವಲ್ಲ.

ಇನ್ನೊಂದು ವಿಷಯ ಕೇಳಿ ನೋಡಿ: ಎಷ್ಟು ಡಿಗ್ರಿಗೆ ಕಾಯಿಸಿದರು? ಓಎಚ್‌ಎನ್‌ಎಸ್‌ಗೆ 800ರ ಆಸುಪಾಸು ಸಾಕು, ಆಮೇಲೆ ಎಣ್ಣೆ. ಡಿ2ಗೆ 1010ರಿಂದ 1030 ಬೇಕು. ಕ್ರೋಮಿಯಂ ಕಾರ್ಬೈಡ್‌ಗಳು (ಕ್ರೋಮಿಯಂ, ಇಂಗಾಲ ಸೇರಿದ ಗಟ್ಟಿ ಕಣಗಳು) ಅದಕ್ಕಿಂತ ಕಡಿಮೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗಂತ 1080ಕ್ಕೆ ಏರಿಸಿದರೆ ಉಕ್ಕಿನೊಳಗಿನ ಕಾಳು (ಗ್ರೇನ್) ದಪ್ಪವಾಗುತ್ತದೆ, ಆಸ್ಟೆನೈಟ್ ಎಂಬ ಗಟ್ಟಿಯಾಗದ ಭಾಗ ಒಳಗೆ ಜಾಸ್ತಿ ಉಳಿಯುತ್ತದೆ, ಗಡಸುತನವೂ ಇಳಿಯುತ್ತದೆ. ಒಮ್ಮೆಲೇ ತಣ್ಣನೆಯ ಪಂಚನ್ನು ಸಾವಿರ ಡಿಗ್ರಿಗೆ ತಳ್ಳಿದರೆ ಜೋರು ಉರಿಯ ರೊಟ್ಟಿಯ ಹಾಗೆ, ಮೇಲೆ ಸೀದು ಒಳಗೆ ಹಸಿ. 650ರಲ್ಲಿ ಒಮ್ಮೆ, 850ರಲ್ಲಿ ಒಮ್ಮೆ ನಿಲ್ಲಿಸಿ ಏರಿಸಬೇಕು. ಕಾಯುವಾಗ ಗಾಳಿ ತಾಗಿದರೆ ಮೇಲ್ಮೈಯ ಇಂಗಾಲ ಸುಟ್ಟು ಪದರ ಮೆತ್ತಗಾಗುತ್ತದೆ, ಅದಕ್ಕೇ ವ್ಯಾಕ್ಯೂಮ್ ಫರ್ನೆಸ್ (ಗಾಳಿ ತೆಗೆದ ಕುಲುಮೆ) ಒಳ್ಳೆಯದು, ಇಲ್ಲವಾದರೆ ಸ್ಟೇನ್‌ಲೆಸ್ ಫಾಯಿಲ್ ಸುತ್ತಿಸಿ. ಆರಿಸಲು ಗಾಳಿಯೇ ಸಾಕು. ಇದನ್ನು ಎಣ್ಣೆಗೆ ಅದ್ದುವುದು ಹಳೇ ಓಎಚ್‌ಎನ್‌ಎಸ್ ಚಾಳಿ.

ಟೆಂಪರಿಂಗ್ ಎರಡು ಸಲ ಆಗಲೇಬೇಕು, ಪ್ರತಿ ಸಲ ಎರಡು ಗಂಟೆ, ನಡುವೆ ಪೂರ್ತಿ ಆರಬೇಕು. 200ರ ಹತ್ತಿರ ಮಾಡಿದರೆ 60–61 ಸಿಗುತ್ತದೆ. 510–520ರಲ್ಲಿ ಮಾಡಿದರೆ 58–60. ಅಷ್ಟು ಬಿಸಿಗೆ ಇನ್ನೂ ಇಳಿಯಬೇಕಿತ್ತಲ್ಲ ಅನ್ನಿಸುತ್ತದೆ, ಆದರೆ ಅಲ್ಲಿ ಹೊಸ ನುಣ್ಣನೆಯ ಕಾರ್ಬೈಡ್ ಹುಟ್ಟಿ ಗಡಸುತನ ನಿಲ್ಲುತ್ತದೆ. ಉಳಿದಿದ್ದ ಆಸ್ಟೆನೈಟ್ ಮೊದಲ ಸಲ ಬದಲಾಗಿ ಮತ್ತೆ ಗಾಜಿನಂತಾಗುತ್ತದೆ, ಅದನ್ನು ಹದಕ್ಕೆ ತರುವುದು ಎರಡನೇ ಸಲ. ವೈರ್‌ಕಟ್ (ವಿದ್ಯುತ್ ಕಿಡಿ ಹಾರಿಸುವ ತಂತಿಯಿಂದ ಕತ್ತರಿಸುವುದು) ಮಾಡಿಸುವ ಡೈ, ಅಂದರೆ ಪಂಚ್ ಇಳಿಯುವ ಅಚ್ಚು ಇದ್ದರೆ ಈ 510–520ರ ದಾರಿಯೇ ಹಿಡಿಯಿರಿ, ಒಳಗಿನ ಎಳೆತ ಚೆನ್ನಾಗಿ ಕಡಿಮೆಯಾಗಿರುತ್ತದೆ.

62 ಅಂತ ಖುಷಿಪಡುವುದು ನಮ್ಮ ಕಡೆ ಎಲ್ಲರಿಗೂ ಇರುವ ರೋಗ. ಚೌಕ ಪಂಚ್‌ಗೆ 59 ಕೇಳಿ ಸಾಕು. ಸವೆತ ತಡೆಯುವ ಕೆಲಸ ಬಹುಪಾಲು ಆ ಕಾರ್ಬೈಡ್‌ಗಳದ್ದು, ಮೂರು ಪಾಯಿಂಟ್ ಕಡಿಮೆಯಾದರೂ ಅವು ಎಲ್ಲೂ ಹೋಗುವುದಿಲ್ಲ. ಮೂಲೆಗೆ ಚೂರು ರೇಡಿಯಸ್ (ದುಂಡು) ಕೊಡಿ, ಪಂಚ್ ಮತ್ತು ಡೈ ನಡುವಿನ ಕ್ಲಿಯರೆನ್ಸ್ (ಸಂದು) ಕೂಡ ನೋಡಿಕೊಳ್ಳಿ.

ಅಂದಹಾಗೆ ಶೇ. 12 ಕ್ರೋಮಿಯಂ ಇದೆಯೆಂದು ಮಳೆಗಾಲದಲ್ಲಿ ಬರಿದಾಗಿ ಬಿಡಬೇಡಿ. ಅದರಲ್ಲಿ ಬಹಳಷ್ಟು ಕಾರ್ಬೈಡ್‌ನಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ, ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿಡಿ.

ಪ್ರಶ್ನೆ: ಮೇವು ಕತ್ತರಿಸುವ ಯಂತ್ರದ ಬ್ಲೇಡನ್ನೂ ಡಿ2ನಲ್ಲಿ ಮಾಡಿಸಲೇ?
– ರೈತರೊಬ್ಬರು, ರಾಣೇಬೆನ್ನೂರು

ಉತ್ತರ: ಬೇಡ. ಕಣಿಕಿಯ ಜೊತೆ ಒಂದು ಕಲ್ಲು ಬಂದರೂ ಚೂರು ಕಿತ್ತು ಹಾರುತ್ತದೆ, ನಿಂತವರ ಕಣ್ಣಿಗೆ ಬಿದ್ದರೆ ಏನು ಗತಿ? ಸವೆದರೂ ಪರವಾಗಿಲ್ಲ, ಪೆಟ್ಟು ತಡೆಯುವ ಸ್ಪ್ರಿಂಗ್ ಸ್ಟೀಲೇ ಇರಲಿ, ಮೊಂಡಾದಾಗ ಸಾಣೆ ಹಿಡಿಸಿ.